ದಳವಾಯಿ ತುಳಿದ ಒಡ್ಡು

ಮತ್ತೆ ನಡುವೆ ಬಾಯಿ ಹಾಕಿದೆಯಾ? ಕಥೆ ಮುಗಿಯುವ ತನಕ ತುಟಿ ಹೊಲಿದುಕೊಂಡಿರು ಅಂದಿರಲಿಲ್ಲವೇ ಮಗಳೇ? ಕೇಳು.

ಹಿಂದೆ ನದಿ ದಡದ ಒಂದು ಊರಿನವರು ನೆರೆ ತಡೆಯಲು ಮಣ್ಣಿನ ಒಡ್ಡು ಕಟ್ಟಿದರು. ಸಡಿಲ ಮಣ್ಣನ್ನು ಎಮ್ಮೆಗಳಿಂದ ತುಳಿಸಿದರೆ ಮಾತ್ರ ಅದು ಗಟ್ಟಿ. ಆದರೆ ಎಮ್ಮೆಗಳನ್ನೆಲ್ಲ ದಳವಾಯಿಯ ಭಟರು ಅರಮನೆ ಕೆಲಸಕ್ಕೆ ಹೊಡೆದುಕೊಂಡು ಹೋಗಿದ್ದರು. ಮಳೆಗಾಲ ಬಾಗಿಲಲ್ಲಿತ್ತು. ಅಷ್ಟರಲ್ಲಿ ದಳವಾಯಿಯೇ ಬಂದು ಗುಡುಗಿದ.

"ನನ್ನ ಉಪ್ಪರಿಗೆಯಿಂದ ನದಿ ಕಾಣುತ್ತಿಲ್ಲ. ನಾಳೆಯೇ ಇದನ್ನು ಕಡಿದು ಹಾಕಿ!"

ಊರವರು ಹಿಂದೆ ಸರಿದರು. ಮಣ್ಣು ಹೊರುವ ಕೆಂಚವ್ವ ಮಾತ್ರ ಬುಟ್ಟಿ ಇಳಿಸಿ ಕೈಮುಗಿದಳು.

"ನೀವು ನದಿಯನ್ನು ಬಗ್ಗಿ ನೋಡುವುದೇ, ಒಡೆಯಾ? ನದಿಯೇ ಕತ್ತೆತ್ತಿ ನಿಮ್ಮನ್ನು ನೋಡಬೇಕು! ದಿನಾ ಒಡ್ಡಿನ ಮೇಲೆ ಮೆರವಣಿಗೆ ಹೋಗಿ. ಆನೆಯೂ ಇರಲಿ."

ದಳವಾಯಿ ಉಬ್ಬಿಹೋದ. ಮರುದಿನದಿಂದ ಆನೆ, ಕುದುರೆ, ಕಹಳೆಯವರು, ಛತ್ರಿ ಹಿಡಿದವರು ಎಲ್ಲರೂ ಒಡ್ಡಿನ ಮೇಲೆ ಹೋದರು, ಬಂದರು.

"ಸ್ವಲ್ಪ ಎಡಕ್ಕೆ, ಒಡೆಯಾ!" ಎಂದು ಕೆಂಚವ್ವ ಕೂಗುತ್ತಿದ್ದಳು. "ಅಲ್ಲಿಯ ನೀರು ನಿಮ್ಮನ್ನಿನ್ನೂ ನೋಡಿಲ್ಲ!"

ನೆರೆ ಬಂತು. ಕಲ್ಲಿನಂತಾಗಿದ್ದ ಒಡ್ಡಿಗೆ ಬಡಿದು, ಊರೊಳಗೆ ನುಗ್ಗಲಾರದೆ ತನ್ನ ಪಾಡಿಗೆ ಹರಿದು ಹೋಯಿತು.

"ನೋಡಿದೆಯಾ? ನನಗೆ ಹೆದರಿತು," ಎಂದು ದಳವಾಯಿ ಮೀಸೆ ತಿರುವಿದ.

"ಹೌದು ಒಡೆಯಾ, ಇಷ್ಟು ಚೆನ್ನಾಗಿ ನಮ್ಮ ಎಮ್ಮೆಗಳೂ ಹೆದರಿಸುತ್ತಿರಲಿಲ್ಲ," ಎಂದಳು ಕೆಂಚವ್ವ.

ಕಥೆ ಕೇಳಿದ ಮಗಳು ಹಿತ್ತಲ ಕಡೆ ನೋಡಿದಳು. ಅಲ್ಲಿ ಅವಳಪ್ಪ ಶಿಳ್ಳೆ ಹಾಕುತ್ತಾ ಬಟ್ಟೆ ಒಗೆಯುತ್ತಿದ್ದರು.

"ಅಮ್ಮಾ, ಅಪ್ಪ ಒಗೆದಷ್ಟು ಬೆಳ್ಳಗೆ ಯಾರೂ ಒಗೆಯಲ್ಲ ಅಂತ ನೀನು ದಿನಾ ಹೇಳ್ತೀಯಲ್ಲ, ಅದೂ ಹೀಗೇನಾ?"