ಹೊಳೆ ದಂಡೆಯಲ್ಲಿ ನಿಂತ ಕಂಬಿ

ನಮ್ಮೂರ ಮಠದ ಮಡಿವಾಳಯ್ಯನವರಂಥ ಗುರುಗಳು ಮೂರು ಲೋಕದಲ್ಲೂ ಇರಲಿಲ್ಲ. ನಾಲ್ಕನೆಯ ಲೋಕವೊಂದಿದ್ದರೆ ಅಲ್ಲಿಯೂ ಹುಡುಕುವ ಶ್ರಮ ಬೇಡ.

ಅವರಿಗೆ ಒಬ್ಬಳೇ ಮಗಳು, ನೀಲವ್ವ. ಉಳಿದ ಒಬ್ಬಳೇ ಶಿಷ್ಯೆಯೂ ಅವಳೇ. ಬೇರೆ ಶಿಷ್ಯರು ಬರುತ್ತಿರಲಿಲ್ಲವೆಂದಲ್ಲ. ಬಂದವರು ಗುರುಗಳ ಬೈಗುಳದ ರುಚಿ ನೋಡಿ, ಊಟಕ್ಕೂ ನಿಲ್ಲದೆ ಹೋಗುತ್ತಿದ್ದರು.

ಪ್ರತಿ ಯುಗಾದಿಗೆ ಗುರುಗಳು ಊರಿನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗಿ, ನಡೆದೇ ಬರುತ್ತಿದ್ದರು. ಕಂಬಿಯೆಂದರೆ ಎರಡೂ ತುದಿಗೆ ಬುಟ್ಟಿ ತೂಗುವ ದೇವರ ಕೋಲು.

ಅದು ನೆಲ ಮುಟ್ಟಬಾರದು. ಮಲಗುವಾಗ ಮರದ ಕವಲಿಗೆ ತೂಗುಹಾಕಬೇಕು. ದೀಕ್ಷೆ ತೊಟ್ಟು ದಾರಿಯುದ್ದಕ್ಕೂ ನಡೆದವರನ್ನು ಬಿಟ್ಟು ಬೇರೆ ಯಾರೂ ಅದಕ್ಕೆ ಕೈ ಹಚ್ಚಬಾರದು. ಇದು ನಮ್ಮೂರ ಕಟ್ಟಳೆ.

ಆ ವರ್ಷ ಮಗಳೂ ದೀಕ್ಷೆ ತೊಟ್ಟು ಅಪ್ಪನ ಜೊತೆ ಹೊರಟಳು.

ಬಿಸಿಲೋ ಬಿಸಿಲು. ಕಾಗೆಗಳು ಹಾರುವುದನ್ನೇ ಬಿಟ್ಟು, ಇವರಿಬ್ಬರ ನೆರಳಲ್ಲಿ ಸಾಲಾಗಿ ನಡೆದು ಬಂದವು. ನಂಬದವರು ಕಾಗೆಗಳನ್ನೇ ಕೇಳಬಹುದು.

ಮರಳಿ ಬರುವಾಗ ಗುರುಗಳ ಮೊಣಕಾಲು ಕೈಕೊಟ್ಟಿತು. ಅದರ ಕಟಕಟ ಸದ್ದಿಗೆ ಮುಂದಿನ ಊರಿನ ನಾಯಿಗಳು ಎದ್ದು ಬೊಗಳಿದವು.

ಗುರುಗಳು ಕಂಬಿಯನ್ನು ಮಗಳ ಹೆಗಲಿಗೆ ದಾಟಿಸಿದರು.

"ಯಪ್ಪಾ, ಹೆಣ್ಣಮಗಳು ಇದನ್ನ ಹೊರಬಹುದೇನು?"

"ಭಾರ ಐತೇನು?"

"ಐತಿ."

"ಹಂಗಾದ್ರ ಹೊತ್ತೀಯಲ್ಲ. ನಡಿ."

ನಡೆದಳು. ಊರೂರು ದಾಟಿದಳು. ಯಾರೂ ತಡೆಯಲಿಲ್ಲ. ದಾರಿಯ ಮಂದಿ ಕಂಬಿಗೆ ಕೈಮುಗಿದರೇ ಹೊರತು, ಅದು ಯಾರ ಹೆಗಲೆಂದು ಕೇಳಲಿಲ್ಲ.

ಕೊನೆಗೆ ನಮ್ಮೂರ ಹೊಳೆ ಬಂತು. ಬೇಸಿಗೆಯ ಹೊಳೆ, ಮೊಣಕಾಲುದ್ದ ನೀರು. ಊರ ಕಡೆಯ ದಂಡೆಯಲ್ಲಿ ಜನವೋ ಜನ. ಡೊಳ್ಳಿನವರು ಒಂದು ಕಡೆ. ಕಂಬಿ ಹೊತ್ತವರ ಕಾಲಿಗೆ ನೀರು ಹಾಕಲು ಕೊಡ ಹಿಡಿದ ಹೆಂಗಸರು ಇನ್ನೊಂದು ಕಡೆ.

ಇಬ್ಬರೂ ಹೊಳೆ ದಾಟಿ ಮರಳಿಗೆ ಕಾಲಿಟ್ಟರು. ಕಂಬಿ ಯಾರ ಹೆಗಲ ಮೇಲಿದೆಯೆಂಬುದು ಎಲ್ಲರಿಗೂ ಕಂಡಿತು.

ಡೊಳ್ಳು ನಿಂತಿತು.

ಊರ ಹಿರಿಯ ದ್ಯಾಮನಗೌಡ ಮುಂದೆ ಬಂದ.

"ಅಜ್ಜಾರ, ದಾರ್ಯಾಗ ಏನ ಆಗಿರಲಿ, ನಾವು ಕೇಳಾಂಗಿಲ್ಲ. ಆದ್ರ ಹೆಣ್ಣಿನ ಹೆಗಲ ಮ್ಯಾಲ ಕಂಬಿ ಊರಾಗ ಬರಾಂಗಿಲ್ಲರಿ. ನೀವು ತಗೋರಿ. ಗುಡಿ ಇಲ್ಲೇ ಕಾಣತೈತಿ."

ನೀಲವ್ವ ಅಪ್ಪನ ಕಡೆ ಹೆಗಲು ಬಾಗಿಸಿದಳು.

"ತಗೋ ಯಪ್ಪಾ. ನಾ ಹೊತ್ತಿದ್ದು ಮಲ್ಲಯ್ಯಗ ಗೊತ್ತೈತಿ. ಮನೀ ಮುಂದ ಬಂದು ಜಗಳ ಯಾಕ?"

ಗುರುಗಳು ಅವಳ ಮುಖ ನೋಡಿದರು. ಆಮೇಲೆ ಅಲ್ಲೇ ಮರಳ ಮೇಲೆ ಕಾಲು ಚಾಚಿ ಕುಳಿತುಬಿಟ್ಟರು.

"ಗೌಡಾ, ನನ್ನ ಹೊರೂದು ಮುಗೀತು. ಕಂಬಿ ಬೇಕಾದ್ರ ನೀನ ತಗೋ."

ಗೌಡ ಹಾವು ಕಂಡವನಂತೆ ಹಿಂದೆ ಸರಿದ.

"ನಾ ಹೆಂಗ ಮುಟ್ಲಿರಿ? ದೀಕ್ಷೆ ತೊಟ್ಟಿಲ್ಲ, ದಾರಿ ನಡದಿಲ್ಲ."

"ಹಂಗಾದ್ರ ನಡದಾವರ್ನ ಹುಡುಕು."

ಹಿರಿಯರೆಲ್ಲ ಗುಂಪುಗೂಡಿ ಮಾತಿಗೆ ಕುಳಿತರು. ಆ ಮಾತು ಎಷ್ಟು ಬೆಳೆಯಿತೆಂದರೆ, ಗುಡಿಯ ಮುಂದೆ ಬೇಯಿಸಿಟ್ಟ ಹುಗ್ಗಿ ಆರಿ ಕಲ್ಲಾಯಿತು. ಅದನ್ನು ಒಡೆದು ಬಡಿಸಲು ಆಮೇಲೆ ಹಾರೆ ತರಬೇಕಾಯಿತು.

ನೀಲವ್ವ ನಿಂತೇ ಇದ್ದಳು. ಕಂಬಿ ತೂಗುಹಾಕೋಣವೆಂದರೆ ಮರಳಿನಲ್ಲಿ ಒಂದು ಜಾಲಿ ಗಿಡವೂ ಇರಲಿಲ್ಲ.

"ಯಪ್ಪಾ, ಹೆಗಲು ಉರಿಯಾಕತ್ತೈತಿ."

"ಉರೀಲಿ."

"ಎಷ್ಟೊತ್ತು ನಿಲ್ಲಲಿ?"

"ಹೆಗಲನ್ನ ಕೇಳಬ್ಯಾಡ. ಅದು ಯಾವಾಗಲೂ ಈಗ ಸಾಕು ಅಂತೈತಿ."

ಅವಳಿಗೆ ಸಿಟ್ಟು ಬಂತು.

"ಭೇಷ್! ಹಟ ಹಿಡದಾಂವ ನೀನು, ಆರಾಮ ಕುಂತಿ. ಬಿಸಲಾಗ ನಿಂತಾಕಿ ನಾನು!"

"ಹೌದು ಮತ್ತ," ಎಂದರು ಗುರುಗಳು. "ಅದಕ್ಕ ಅವರೆಲ್ಲಾ ನಿನ್ನ ನೋಡಾಕತ್ತಾರ. ನನ್ನ ಯಾರೂ ನೋಡವಲ್ರು."

ನೀಲವ್ವ ತಲೆಯೆತ್ತಿ ನೋಡಿದಳು. ಊರಿಗೆ ಊರೇ ಅವಳ ಹೆಗಲನ್ನೇ ನೋಡುತ್ತಿತ್ತು. ಬಾಗಿಸಿದ್ದ ಹೆಗಲನ್ನು ಅವಳು ಮೆಲ್ಲಗೆ ನೆಟ್ಟಗೆ ಮಾಡಿಕೊಂಡಳು.

ಅಷ್ಟರಲ್ಲಿ ಹಿರಿಯರ ಗುಂಪು ಎದ್ದಿತು. ಗೌಡ ತನ್ನ ತಲೆಯ ರುಮಾಲು ಬಿಚ್ಚಿಕೊಂಡು ನಗುನಗುತ್ತ ಬಂದ. ಹಾದಿ ಸಿಕ್ಕಿತ್ತಲ್ಲ!

"ತಂಗಿ, ಇದನ್ನ ತಲಿಗೆ ಸುತ್ತಿಕೋ. ಅಜ್ಜಾರ ಶಲ್ಯ ಮುಖದ ಮ್ಯಾಲ ಇಳಿಬಿಡು. ಗಂಡಸು ಅಂತ ತಿಳ್ಕೋತೀವಿ. ಕಟ್ಟಳೆನೂ ಉಳೀತು, ಕಂಬಿನೂ ಬಂತು. ಯಾರೂ ತುಟಿ ಪಿಟಕ್ಕನ್ನಾಂಗಿಲ್ಲ, ನನ್ನ ಮಾತು."

ಡೊಳ್ಳಿನವರು ಕೋಲೆತ್ತಿ ಕಾದರು. ಹಸಿದ ಮಂದಿಯೆಲ್ಲ "ಹೂಂ, ಹೂಂ" ಎಂದರು.

ನೀಲವ್ವ ಗುರುಗಳ ಕಡೆ ತಿರುಗಿದಳು.

"ಏನ ಮಾಡ್ಲಿ?"

ಗುರುಗಳು ಕಾಲ್ಬೆರಳ ಸಂದಿಯ ಮರಳು ತೆಗೆಯುತ್ತಿದ್ದರು.

"ಯಪ್ಪಾ, ನಿನ್ನನ್ನ ಕೇಳಾಕತ್ತೀನಿ!"

ಗುರುಗಳು ಇನ್ನೊಂದು ಕಾಲಿನ ಮರಳಿಗೆ ಕೈಹಾಕಿದರು. ಹುಟ್ಟಿದಂದಿನಿಂದ ಮೊದಲ ಸಲ ಅವರ ಬಾಯಲ್ಲಿ ಒಂದು ಬೈಗುಳವೂ ಇರಲಿಲ್ಲ.

ನೀಲವ್ವ ಇನ್ನು ಕೇಳಲಿಲ್ಲ. ಒಂದು ಕೈ ಚಾಚಿ ರುಮಾಲು ಇಸಿದುಕೊಂಡಳು. ಗೌಡನ ನಗು ಕಿವಿಯವರೆಗೆ ಹೋಯಿತು.

ಅವಳು ರುಮಾಲನ್ನು ಮಡಿಸಿದಳು. ಮತ್ತೊಮ್ಮೆ ಮಡಿಸಿದಳು. ಕಂಬಿಯನ್ನು ಚೂರು ಎತ್ತಿ, ಅದರ ಕೆಳಗೆ, ಉರಿಯುವ ಹೆಗಲ ಮೇಲೆ ಮೆತ್ತೆಯ ಹಾಗೆ ಇಟ್ಟುಕೊಂಡಳು.

"ಛಲೋ ಆತ್ರಿ ಗೌಡ್ರ," ಎಂದಳು. "ಕೋಲು ಒತ್ತಾಕತ್ತಿತ್ತು."

ಬರಿದಲೆಯಲ್ಲಿ, ತೆರೆದ ಮುಖದಲ್ಲಿ, ದಂಡೆ ಹತ್ತತೊಡಗಿದಳು.

ಹಿರಿಯರು ಬಾಯಿ ತೆರೆದರು. ಅಡ್ಡ ನಿಲ್ಲೋಣವೆಂದರೆ ಕಂಬಿ ಮೈಗೆ ತಗಲುತ್ತದೆ. ಹಿಂದಕ್ಕೆ ಸರಿದರು. ಸರಿದಷ್ಟೂ ಹಾದಿಯಾಯಿತು.

ಹೆಂಗಸರ ಸಾಲಿನ ಮುಂದೆ ನಿಂತವಳು ಗೌಡನ ತಾಯಿ ಫಕೀರವ್ವ. ಕೊಡ ಹಿಡಿದೂ ಹಿಡಿದೂ ಮುದುಕಿಗೆ ಸಾಕಾಗಿತ್ತು.

"ಯವ್ವಾ, ಹಾಕಬ್ಯಾಡ!" ಎಂದು ಗೌಡ ಕೂಗಿದ.

"ಸುಮ್ನಿರೋ ದ್ಯಾಮ್ಯಾ! ಹಾಕ್ದ ಇದ್ರ ಈ ಕೊಡ ನೀ ಹೊರತೀಯೇನು?"

ಕೊಡದ ನೀರೆಲ್ಲ ನೀಲವ್ವನ ಕಾಲ ಮೇಲೆ ಸುರಿಯಿತು. ಮುದುಕಿ ಬಗ್ಗಿ ಆ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿನವಳು ಹಾಕಿದಳು. ಅವಳ ಹಿಂದಿನವಳೂ ಹಾಕಿದಳು.

ಯಾರ ಅಪ್ಪಣೆಯೂ ಇಲ್ಲದೆ ಡೊಳ್ಳು ಬಡಿಯಿತು. ಜನವೆಲ್ಲ ಕಂಬಿಯ ಹಿಂದೆ ಹೋಯಿತು. ನೀಲವ್ವ ಹಿಂತಿರುಗಿ ನೋಡಲಿಲ್ಲ.

ಮರಳಿನಲ್ಲಿ ಇಬ್ಬರೇ ಉಳಿದರು. ಗೌಡ ಗುರುಗಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ.

"ಅಜ್ಜಾರ, ನಾಳೆ ಸುತ್ತ ಹಳ್ಳಿ ಮಂದಿ ನನ್ನ ಕೇಳತಾರ. ಹೆಣ್ಣಮಗಳನ್ನ ಹೆಂಗ ಒಳಗ ಬಿಟ್ರಿ ಅಂತಾರ. ಏನ ಹೇಳ್ಲಿರಿ?"

ಗುರುಗಳು ಕೈ ಚಾಚಿದರು. ಗೌಡ ಹಿಡಿದು ಎಬ್ಬಿಸಿದ. ಮೊಣಕಾಲು ಕಟಕ್ಕೆಂದಿತು.

"ಖರೇನ ಹೇಳು," ಎಂದರು ಗುರುಗಳು. "ನಾವು ಬಿಡಲಿಲ್ಲ. ಆಕಿ ಬಂದ್ಲು."