ಅಂಚಿನ ಜವೆಗೋಧಿ

ಇದನ್ನು ಮೊದಲು ಹೇಳಿದವರು ನಮ್ಮೂರ ಉಪದೇಶಿ ದಾನಿಯೇಲಪ್ಪ ಮೇಷ್ಟ್ರು.

ಯೂದಾಯ ಸೀಮೆಯಲ್ಲಿ ಒಂದು ಎತ್ತು ಇತ್ತು. ಪಕ್ಕದ ಹೊಲದ ಜವೆಗೋಧಿ ತನ್ನ ಯಜಮಾನನದಕ್ಕಿಂತ ದಪ್ಪ ತೆನೆ ಬಿಟ್ಟಿದ್ದನ್ನು ಕಂಡು ಹೊಟ್ಟೆಕಿಚ್ಚಿಗೆ ಅದಕ್ಕೆ ಮೆಲುಕು ಹಾಕುವುದೂ ಬೇಡವಾಯಿತು. "ಆ ಅಂಚಿನ ತೆನೆಯನ್ನಾದರೂ ನಾನು ತಿನ್ನಲೇಬೇಕು" ಎಂದುಕೊಂಡು, ಯಜಮಾನ ಊಟಕ್ಕೆ ಹೋದ ಹೊತ್ತು ನೋಡಿ, ಎರಡು ಹೊಲಗಳ ನಡುವಿನ ಗಡಿಕಲ್ಲಿಗೆ ಕೊಂಬು ಕೊಟ್ಟಿತು.

"ಏನಪ್ಪಾ ಇದು? ಗಡಿಕಲ್ಲು ಸರಿಸಿದವನಿಗೆ ಶಾಪ ಇದೆ, ಗೊತ್ತಿಲ್ಲವೇ?" ಎಂದಿತು ಕಲ್ಲು.

"ಶಾಪ ಮನುಷ್ಯರಿಗೆ. ಎತ್ತಿಗೆ ಅಂತ ಎಲ್ಲಿ ಹೇಳಿದೆ?" ಎನ್ನುತ್ತ ಎತ್ತು ಕಲ್ಲನ್ನು ಆಚೆಗೆ ನೂಕಿಯೇಬಿಟ್ಟಿತು. ಆ ದಪ್ಪ ತೆನೆಗಳು ಈಗ ಯಜಮಾನನ ಹೊಲಕ್ಕೆ ಸೇರಿದವು; ಕೊಯ್ಲಾದರೆ ತನ್ನ ಗೋದಲಿಗೇ ಬರುತ್ತವೆಂದು ಎತ್ತು ಕಾದಿತು.

ಕೊಯ್ಲು ಬಂತು. ಹೊಲದ ಅಂಚನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಆ ನಾಡಿನಲ್ಲಿ ದೇವರ ಕಟ್ಟಳೆ. ಯಜಮಾನ ದೈವಭಕ್ತ. ಕೊಯ್ಯುತ್ತ ಕೊಯ್ಯುತ್ತ ಕಲ್ಲಿನ ಪಕ್ಕದ ದಪ್ಪ ತೆನೆಗಳ ಹತ್ತಿರ ಬಂದವನು ಕುಡುಗೋಲು ಕೆಳಗಿಟ್ಟ. ಪರದೇಶದ ಮುದುಕಿಯೊಬ್ಬಳು ಅಷ್ಟನ್ನೂ ಕೊಯ್ದು ತನ್ನ ಕತ್ತೆಯ ಮೇಲೆ ಹೇರಿದಳು.

ಕತ್ತೆ ಒಂದು ತೆನೆಯನ್ನು ಬಾಯಿಗೆಳೆದುಕೊಂಡು, "ಎತ್ತಣ್ಣಾ, ಹೋದ ಸಲ ಇಂಥ ತೆನೆಗೆ ಆಚೆ ಹೊಲಕ್ಕೆ ಹೋಗಬೇಕಿತ್ತು. ಯಾರೋ ಪುಣ್ಯಾತ್ಮರು ಈಚೆಗೇ ತಂದಿಟ್ಟಿದ್ದಾರೆ!" ಎಂದಿತು.

ಎತ್ತು ಕಲ್ಲನ್ನು ಕೆಕ್ಕರಿಸಿ ನೋಡಿತು.

"ನನ್ನನ್ನೇಕೆ ನೋಡುತ್ತೀಯ?" ಎಂದಿತು ಕಲ್ಲು. "ಆಚೆ ಇದ್ದಾಗಲೂ ಅದು ಅಂಚು, ಈಚೆ ಬಂದಾಗಲೂ ಅಂಚು. ಇಷ್ಟು ದಿನ ನೀನು ಹೊಟ್ಟೆ ಉರಿದುಕೊಂಡದ್ದು ಬಡವರ ಪಾಲನ್ನು ಕಂಡು."

ಹೊಲ ಅಳೆಸಲು ಹೊರಟವರು ಯಾರಾದರೂ ದಾರಿಯಲ್ಲಿ ಸಿಕ್ಕಿದರೆ ಈ ಕಥೆಯನ್ನು ಅವರಿಗೂ ಒಂದಿಷ್ಟು ಹೇಳಿ.