ನಕ್ಕಿದ್ದು ಯಾರನ್ನು ನೋಡಿ?

“ಗುರುಗಳೇ, ಮಕ್ಕಳನ್ನು ನಗಿಸುವ ಹಾಡಿನಲ್ಲಿ ಏನು ತಪ್ಪಿದೆ?” ಎಂದು ನಿರಂಜನ ಕೇಳಿದ. ಅವನು ಕಾರ್ಟೂನ್ ಸಿನಿಮಾಗಳಿಗೆ ಹಾಡು ಬರೆಯುತ್ತಿದ್ದ. ಹೊಸ ಚಿತ್ರದಲ್ಲಿ ಕಾಡಿನ ಜನ ಎಲೆ ಉಟ್ಟು, ಕೇಕೆ ಹಾಕಿ ಅವನ ಹಾಡಿಗೆ ಕುಣಿಯುತ್ತಾರೆ. ಮಕ್ಕಳ ಬಾಯಲ್ಲೆಲ್ಲ ಈಗ ಅದೇ ಹಾಡು. “ಮನೆಮಂದಿಯೆಲ್ಲ ಮೆಚ್ಚಿದ್ದಾರೆ. ಕಾಡಿನ ಕಡೆಯ ಒಬ್ಬ ತಾಯಿ ಮಾತ್ರ ಅದನ್ನು ತೆಗೆಯಿರಿ ಎಂದು ಕಾಗದ ಬರೆದಿದ್ದಾಳೆ. ನನಗೆ ತಲೆಬುಡ ಅರ್ಥವಾಗುತ್ತಿಲ್ಲ.”

ಗುರುಗಳಿಗೆ ರೇಗಿತು. “ತಲೆಬುಡ ಆಮೇಲೆ ಹುಡುಕುವೆಯಂತೆ. ಮೊದಲು ಕೂತು ಕೇಳು,” ಎಂದು ಹೇಳತೊಡಗಿದರು.

ಒಬ್ಬ ತೊಗಲುಗೊಂಬೆಯಾಟದವನಿದ್ದ. ಗುಡ್ಡದ ಕೆಳಗಿನ ಊರುಗಳಲ್ಲಿ ಆಡಿಸುತ್ತಿದ್ದ. ಒಮ್ಮೆಯೂ ಗುಡ್ಡ ಹತ್ತಿದವನಲ್ಲ ಮಹಾರಾಯ. ಆದರೂ ಅವನ ಬಳಿ ಜೇನುಗಾರನ ಗೊಂಬೆಯೊಂದಿತ್ತು. ಜೇನು ಕೀಳುವವರು ಹಾಡುವ ಧಾಟಿಯನ್ನು ಸಂತೆಯಲ್ಲಿ ಕೇಳಿ ಕಲಿತು, ಅದಕ್ಕೆ ತನ್ನ ಮಾತು ಹಾಕಿದ್ದ: ‘ಗುಡ್ಡದಣ್ಣ ಬಂದ, ಬುದ್ಧಿ ಬಿಟ್ಟು ಬಂದ!’ ಗೊಂಬೆ ಹಗ್ಗಕ್ಕೆ ಸಿಕ್ಕಿ ತಲೆಕೆಳಗಾಗುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಕೆಟ್ಟವನೇನಲ್ಲ ಪಾಪ, ಮಕ್ಕಳೆಂದರೆ ಅವನಿಗೆ ಪ್ರಾಣ.

ಒಂದು ಸಲ ಗುಡ್ಡದ ಜೇನುಗಾರನೊಬ್ಬ ಮಗಳನ್ನು ಕರೆದುಕೊಂಡು ಆಟಕ್ಕೆ ಬಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಆ ಹುಡುಗಿಯೇ.

ಗುಡ್ಡದವರಲ್ಲಿ ಒಂದು ಕ್ರಮವಿದೆ. ಒಬ್ಬ ಬಂಡೆಯ ಅಂಚಿನಿಂದ ಹಗ್ಗ ಹಿಡಿದು ಇಳಿದು ಜೇನು ಕೀಳುತ್ತಾನೆ. ಮೇಲೆ ಹಗ್ಗ ಕಾಯುವವರು ಹಾಡುತ್ತಲೇ ಇರಬೇಕು. ಹಾಡು ನಿಂತಿತೆಂದರೆ ಹಗ್ಗಕ್ಕೇನೋ ಆಗಿದೆ, ಕೂಡಲೇ ಹತ್ತಿ ಬಾ ಎಂದು ಅರ್ಥ. ಆ ವರ್ಷ ಹಗ್ಗ ಕಾಯುವ ಸರದಿ ಮಗಳದು.

ಅಪ್ಪ ಇಳಿದ. ಹುಡುಗಿ ಬಾಯಿ ತೆರೆದಳು. ಧಾಟಿ ತಮ್ಮದೇ, ಬಂದ ಮಾತು ಗೊಂಬೆಯವನದು. ಬಗ್ಗಿ ನೋಡಿದಳು. ಹಗ್ಗದಲ್ಲಿ ಅಪ್ಪ ತೂಗಾಡುತ್ತಿದ್ದ. ಅವಳಿಗೆ ನಾಚಿಕೆಯಾಯಿತು. ಯಾಕೆ ನಾಚಿಕೆ ಎಂದು ಅವಳಿಗೇ ತಿಳಿಯಲಿಲ್ಲ. ಹಾಡು ನಿಂತಿತು.

ಅಪ್ಪ ಗಾಬರಿಬಿದ್ದು, ಮುತ್ತಿದ ಹುಳುಗಳ ನಡುವೆಯೇ ಹತ್ತಿ, ಅಂಗೈ ಸುಲಿದುಕೊಂಡು ಮೇಲೆ ಬಂದ. ಸದ್ಯ, ಜೀವ ಉಳಿಯಿತು. ಹಗ್ಗ ಸರಿಯಾಗಿಯೇ ಇತ್ತು. ಮಗಳು ಅಳುತ್ತ ಒಂದು ಮಾತು ಕೇಳಿದಳು.

ಮರುದಿನ ಅವನು ಕೈಗೆ ಬಟ್ಟೆ ಸುತ್ತಿಕೊಂಡು ಗೊಂಬೆಯವನ ಮುಂದೆ ನಿಂತು, ನಡೆದದ್ದನ್ನು ಹೇಳಿದ. ಗೊಂಬೆಯವನು ಕಕ್ಕಾಬಿಕ್ಕಿಯಾದ.

“ಅಯ್ಯೋ, ಅದು ನೀವಲ್ಲ ಯಜಮಾನರೇ, ಬರೀ ಗೊಂಬೆ! ಮಕ್ಕಳು ನಗಲಿ ಅಂತ ಹಾಡಿದ್ದು.”

“ನನ್ನ ಮಗಳೂ ನಕ್ಕಳು ಸ್ವಾಮಿ. ‘ಅವತ್ತು ನಾನು ನಕ್ಕಿದ್ದು ಯಾರನ್ನು ನೋಡಿ ಅಪ್ಪಾ’ ಅಂತ ಕೇಳ್ತಿದ್ದಾಳೆ. ಏನು ಹೇಳಲಿ?”

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

“ಗೊಂಬೆಯವನು ಏನು ಹೇಳಿದ ಗುರುಗಳೇ?” ಎಂದು ನಿರಂಜನ ಕೇಳಿದ.

“ಹಾಡು ಬರೆದವನು ನೀನು, ನೀನೇ ಹೇಳು.”